ಜುಗ್ಗರ ಊರು

ಎಂಜಲು ಕೈಯಲ್ಲಿ ಕಾಗೆ ಓಡಿಸದವರು ನಮ್ಮಲ್ಲಿ ಕೇರಿಗೊಬ್ಬರಾದರೂ ಇರುತ್ತಾರೆ. ಊರಿಗೆ ಊರೇ ಆ ಬಿರುದು ಹೊತ್ತು ಮೆರೆಯುವುದನ್ನು ನೋಡಬೇಕಾದರೆ ಬಲ್ಗೇರಿಯಾದ ಗಾಬ್ರೊವೊಗೆ ಹೋಗಬೇಕು. ಅಲ್ಲಿನವರು ಚಳಿಗಾಲದಲ್ಲಿ ಬೆಕ್ಕಿನ ಬಾಲ ಕತ್ತರಿಸುತ್ತಾರಂತೆ. ಬಾಲ ಒಳಗೆ ಬರುವ ತನಕ ಬಾಗಿಲು ತೆರೆದಿದ್ದರೆ ಒಲೆಯ ಕಾವೆಲ್ಲ ಬೀದಿಪಾಲು! ಮಲಗುವ ಮುಂಚೆ ಗಡಿಯಾರ ನಿಲ್ಲಿಸುತ್ತಾರಂತೆ, ಚಕ್ರ ಸವೆಯದಿರಲಿ ಅಂತ. ನೆಂಟರು ಬಂದರೆ ಚಾಕು ಬಿಸಿ ಮಾಡಿ ಕೊಡುತ್ತಾರಂತೆ. ಬೆಣ್ಣೆ ಕರಗಿ ಜಾರುತ್ತದೆ, ನೆಂಟರಿಗೆ ಒಣ ಬ್ರೆಡ್ಡೇ ಗತಿ. ನನಗೆ ಅನುಮಾನ ಬರುವುದು ಇಲ್ಲೇ. ಚಾಕು ಕಾಯಿಸಲು ಸೌದೆ ಖರ್ಚಾಗುವುದಿಲ್ಲವೇ? ಅಸಲಿ ಜಿಪುಣ ಆ ಲೆಕ್ಕ ಬಿಡುತ್ತಿದ್ದನೇ? ಈ ಜೋಕು ಕಟ್ಟಿದವನು ಪಕ್ಕದೂರಿನವನೇ ಇರಬೇಕು.

ಪಕ್ಕದೂರಿನವರಿಗೆ ಕಾರಣವೂ ಇತ್ತು. ಗಾಬ್ರೊವೊ ಇರುವುದು ಬೆಟ್ಟದ ಬುಡದಲ್ಲಿ, ಶಿಪ್ಕಾ ಘಟ್ಟದ ಹಾದಿಯ ಹತ್ತಿರ. ಉತ್ತು ಬಿತ್ತಲು ನೆಲ ಕಡಿಮೆ. ಜನ ಕಮ್ಮಾರಿಕೆ, ಉಣ್ಣೆ ನೇಯ್ಗೆ ಹಿಡಿದರು, ಮಾಡಿದ್ದನ್ನು ಊರೂರಿಗೆ ಒಯ್ದು ಮಾರಿದರು. ಮುಂದೆ ಗಿರಣಿಗಳು ಎದ್ದು ‘ಬಲ್ಗೇರಿಯಾದ ಮ್ಯಾಂಚೆಸ್ಟರ್’ ಎಂಬ ಹೆಸರೂ ಬಂತು. ಹೊಲ ಇದ್ದವನು ಒಂದು ಸೇರು ಕಾಳು ಹೆಚ್ಚಿಗೆ ಅಳೆದು ದೊಡ್ಡ ಮನಸ್ಸಿನವನು ಅನ್ನಿಸಿಕೊಳ್ಳಬಹುದು. ಚಾಕು, ಉಣ್ಣೆ ಬಟ್ಟೆ ಮಾರುವವನಿಗೆ ಆ ಭಾಗ್ಯ ಎಲ್ಲಿಂದ? ಅವನು ಕಾಸಿಗೆ ಕಾಸು ಎಣಿಸಲೇಬೇಕು. ಅವನ ಹತ್ತಿರ ಚೌಕಾಸಿ ಮಾಡಿ ಸೋತವನು ಮನೆಗೆ ಬಂದು ‘ನಾನು ಸೋತೆ’ ಅನ್ನುತ್ತಾನೆಯೇ? ‘ಆ ಊರಿನವರು ಮಹಾ ಜುಗ್ಗರು ಕಣೇ’ ಅನ್ನುತ್ತಾನೆ. ಹೆಂಡತಿ ಅದನ್ನು ಬಾವಿಕಟ್ಟೆಗೆ ಒಯ್ಯುತ್ತಾಳೆ. ಅಲ್ಲಿಂದ ಮುಂದೆ ಜೋಕಿಗೆ ಕಾಲು ತಾನಾಗಿ ಬರುತ್ತದೆ.

ಸ್ಕಾಟ್ಲೆಂಡಿನ ಅಬರ್ಡೀನ್ ಊರಿಗೂ ಇದೇ ಹಣೆಬರಹ. ಅದರ ಮೇಲೊಂದು ಹಳೆಯ ಪೋಸ್ಟ್‌ಕಾರ್ಡ್ ಇದೆ. ಊರಿನ ದೊಡ್ಡ ಬೀದಿ, ಒಂದು ನರಪಿಳ್ಳೆಯೂ ಇಲ್ಲ: ಅದು ಬೀದಿಯಲ್ಲಿ ಡಬ್ಬಿ ಹಿಡಿದು ಧರ್ಮಕಾರ್ಯಕ್ಕೆ ಚಂದಾ ಎತ್ತುವ ದಿನ. ಇನ್ನೊಂದರಲ್ಲಿ ಅದೇ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ: ಅದು ಮನೆಮನೆಗೆ ಬಂದು ಚಂದಾ ಕೇಳುವ ದಿನ. ಗಣೇಶನ ಚಂದಾ ಪುಸ್ತಕ ಕಂಡೊಡನೆ ಹಿತ್ತಿಲ ಬಾಗಿಲು ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರೆ ಊರಾಗಿದ್ದರೆ ಇಷ್ಟಕ್ಕೆಲ್ಲ ಜಗಳಕ್ಕೆ ನಿಲ್ಲುತ್ತಿತ್ತು. ಗಾಬ್ರೊವೊದವರು ತಮ್ಮ ಮೇಲಿನ ಜೋಕುಗಳನ್ನು ತಾವೇ ಕೂಡಿಹಾಕಿ ಪುಸ್ತಕ ಮಾಡಿದರು, ಮೆರವಣಿಗೆ ತೆಗೆದರು, 1972ರ ಏಪ್ರಿಲ್ 1ರಂದು ಹಾಸ್ಯಕ್ಕೆಂದೇ ಒಂದು ಮ್ಯೂಸಿಯಂ ತೆರೆದರು. ಅದಕ್ಕೂ ಹಳೆಯ ಚರ್ಮದ ಕಾರ್ಖಾನೆಯ ಜಾಗವನ್ನೇ ಹೊಂದಿಸಿಕೊಂಡರು. ನೆರೆಯವರು ಪುಕ್ಕಟೆ ಕೊಟ್ಟ ಮೂದಲಿಕೆ ಅದು. ಈಗ ಒಳಗೆ ಹೋಗಿ ನೋಡಬೇಕೆಂದರೆ, ಅದೇ ನೆರೆಯವರೂ ಟಿಕೆಟ್ ತೆಗೆದುಕೊಳ್ಳಬೇಕು.