ಲೆಕ್ಕಕ್ಕೆ ಸಿಗದ ಮೂರು ಹುಲಿ

ನಮ್ಮ ಷಡ್ಡಕರು ಲೆಕ್ಕ ತಪಾಸಣೆಯಲ್ಲೇ ಮೂವತ್ತು ವರ್ಷ ಸವೆಸಿದವರು. ಬಂಡೀಪುರಕ್ಕೆ ಹೊರಡುವ ಹಿಂದಿನ ರಾತ್ರಿಯೇ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದರು.

“ನೋಡ್ರೀ, 2022ರ ಗಣತಿ ಪ್ರಕಾರ ಅಲ್ಲಿ 150 ಹುಲಿ. ಕಾಡು ಸುಮಾರು 870 ಚದರ ಕಿಲೋಮೀಟರ್. ಆರು ಕಿಲೋಮೀಟರಿಗೆ ಒಂದು ಹುಲಿ ಬಿತ್ತು. ಸಫಾರೀಲಿ ಇಪ್ಪತ್ತು ಕಿಲೋಮೀಟರ್ ಸುತ್ತಿಸಿದರೂ ಮೂರು ಹುಲಿ ಬರಲೇಬೇಕು.”

ಚದರ ಕಿಲೋಮೀಟರೇ ಬೇರೆ, ರಸ್ತೆಯ ಕಿಲೋಮೀಟರೇ ಬೇರೆ ಅಂತ ಹೇಳಲು ಹೋದೆ. ಹೆಂಡತಿ ಕಣ್ಣಲ್ಲೇ ತಡೆದಳು.

ಈ ರೋಗ ಅವರೊಬ್ಬರದ್ದಲ್ಲ ಬಿಡಿ. 2018ರ ಗಣತಿಯಲ್ಲಿ ಮಧ್ಯಪ್ರದೇಶಕ್ಕೆ 526, ನಮಗೆ 524. ಕೊನೇ ಬಾಲ್‌ನಲ್ಲಿ ಎರಡು ರನ್ನಿಗೆ ಸೋತವರ ಹಾಗೆ ಮುಖ ಸಣ್ಣ ಮಾಡಿಕೊಂಡಿದ್ದೆವು, ಅಲ್ವಾ?

ಬೆಳಿಗ್ಗೆ ಬಸ್ಸು ಕಾಡಿಗಿಳಿಯಿತು. ‘ಸದ್ದು ಮಾಡಬೇಡಿ’ ಅಂತ ಬೋರ್ಡಿತ್ತು. ಹಿಂದಿನ ಸೀಟಿನವರೊಬ್ಬರು ಅದನ್ನು ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿ ಓದಿದರು. ಅವರನ್ನು ಸುಮ್ಮನಿರಿಸಲು ಉಳಿದವರೆಲ್ಲ ‘ಶ್‌ಶ್’ ಅಂದರು. ಇಪ್ಪತ್ತು ಕುಕ್ಕರ್ ಒಟ್ಟಿಗೆ ಕೂಗಿದ ಹಾಗಾಯಿತು.

ಮೊದಲ ಜಿಂಕೆ ಹಿಂಡಿಗೆ ಚಪ್ಪಾಳೆ ಬಿತ್ತು. ಮೂರನೇ ಹಿಂಡಿಗೆ ಯಾರೂ ತಲೆ ಎತ್ತಲಿಲ್ಲ. ಕಾಟಿಯೊಂದು ಬಿಳಿ ಕಾಲುಚೀಲ ಹಾಕಿಕೊಂಡಂತೆ ನಿಂತು ನಮ್ಮನ್ನೇ ನೋಡಿತು. “ಎಮ್ಮೆ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?” ಅಂದರು ಷಡ್ಡಕರು. ಸೀಳುನಾಯಿಗಳು ದಾರಿ ದಾಟಿದವು. ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಹುಲಿಯ ಜೊತೆ ಅವುಗಳ ಹೆಸರೂ ಇದೆ. “ನಮ್ಮ ಬೀದೀಲಿ ಇದಕ್ಕಿಂತ ದಪ್ಪ ನಾಯಿಗಳಿವೆ.” ಮರಿಯಾನೆಯೊಂದು ತಾಯಿಯ ಹೊಟ್ಟೆಯಡಿ ನುಸುಳಿ, ಪುಟ್ಟ ಸೊಂಡಿಲಲ್ಲಿ ಮಣ್ಣೆತ್ತಿ ಬೆನ್ನಿಗೆ ಹಾಕಿಕೊಳ್ಳಲು ನೋಡಿತು. ಮಣ್ಣು ಬೆನ್ನಿಗೆ ತಲುಪದೆ ಅದರ ಕಣ್ಣಿಗೇ ಬಿತ್ತು. ನಾನು ನಗುತ್ತಾ ತಿರುಗಿದೆ. ಷಡ್ಡಕರು ವಾಚ್ ನೋಡುತ್ತಿದ್ದರು.

ಆಗ ಎಲ್ಲೋ ಕಡವೆ ಕೂಗಿತು. ಡ್ರೈವರ್ ಎಂಜಿನ್ ಆಫ್ ಮಾಡಿ, “ಹತ್ರಾನೇ ಇದೆ” ಎಂದು ಪಿಸುಗುಟ್ಟಿದ. ಇಡೀ ಬಸ್ಸು ಉಸಿರು ಬಿಗಿಹಿಡಿಯಿತು. ಲಂಟಾನ ಪೊದೆ ಅಲುಗಾಡಿತು. ಸರಿಯಾಗಿ ಅದೇ ಹೊತ್ತಿಗೆ ಯಾರದ್ದೋ ಮೊಬೈಲು ವೆಂಕಟೇಶ ಸುಪ್ರಭಾತ ಹಾಡಿತು. ಪೊದೆ ಸುಮ್ಮನಾಯಿತು. ಹುಲಿ ಮಾತ್ರ ನಮ್ಮನ್ನು ಚೆನ್ನಾಗಿ ನೋಡಿಕೊಂಡೇ ಹೋಯಿತು ಅಂತ ನನ್ನ ನಂಬಿಕೆ. ಅದೂ ಟಿಕೆಟ್ ಇಲ್ಲದೆ.

ವಾಪಸ್ ಬಂದವರೇ ಷಡ್ಡಕರು ದೂರು ಪುಸ್ತಕ ಕೇಳಿದರು. “ಏನೂ ಕಾಣಲಿಲ್ಲ. ಬಾಕಿ: ಹುಲಿ 3. ದುರುಪಯೋಗದ ಶಂಕೆ ಇದೆ. ಹಣ ಹಿಂದಿರುಗಿಸುವುದು.”

ಕೌಂಟರಿನ ಹುಡುಗ ಪಾಪ ಒಳ್ಳೆಯವನು. “ಸಾರ್, ಕ್ಯಾಮೆರಾದಲ್ಲಿ ಬಿದ್ದ ಹುಲಿಗಳ ಪಟ್ಟೆ ನೋಡಿ ಎಣಿಸ್ತಾರೆ. ಒಂದರ ಪಟ್ಟೆ ಇನ್ನೊಂದಕ್ಕಿರಲ್ಲ. ಲೆಕ್ಕ ಸರಿಯಾಗೇ ಇದೆ.”

“ಪಟ್ಟೆ ಸರಿ ಕಣಯ್ಯಾ, ಹಾಜರಿ ಪುಸ್ತಕ ಎಲ್ಲಿ?”

ರಾತ್ರಿ ಷಡ್ಡಕರ ವಾಟ್ಸಾಪ್ ಸ್ಟೇಟಸ್ ನೋಡಿದೆ. ‘ಇಂದು ಬಂಡೀಪುರದಲ್ಲಿ ನಮ್ಮ ಕಣ್ಣೆದುರೇ!’ ಎಂದಿತ್ತು. ಕೆಳಗೆ ಒಂದಲ್ಲ, ಮೂರು ಹುಲಿ. ಹಿಂದೆ ಮಂಜುಗಡ್ಡೆಯ ಬೆಟ್ಟ, ಮೇಲಿಂದ ಹಿಮ ಬೀಳುತ್ತಿತ್ತು.