ಜ್ಞಾಪಕ ಅಂತ ಬರೆಯಲು ಹೋಗಿ

ಮೊನ್ನೆ ನೋಟ್‌ಬುಕ್ಕಿನಲ್ಲಿ 'ಜ್ಞಾಪಕ' ಎಂದು ಬರೆಯಲು ಹೋಗಿ ಪೆನ್ನು ನಿಂತುಬಿಟ್ಟಿತು. 'ಜಾ' ಬರೆದೆ. ಅದರ ಕೆಳಗಿನ ಒತ್ತು ಹೇಗಿರುತ್ತದೆ ಅಂತ ಕೈಗೆ ಗೊತ್ತೇ ಆಗಲಿಲ್ಲ. ಮೊಬೈಲಿನಲ್ಲಿ ಎಷ್ಟೋ ಸಲ ಟೈಪ್ ಮಾಡಿದ ಪದ. ಎರಡಕ್ಷರ ಒತ್ತಿದರೆ ಉಳಿದದ್ದನ್ನು ಕೀಬೋರ್ಡೇ ತಂದುಕೊಡುತ್ತದೆ. ಜ್ಞಾಪಕ ಅನ್ನೋ ಪದವೇ ಜ್ಞಾಪಕಕ್ಕೆ ಬರಲಿಲ್ಲ ಅಂದ್ರೆ ನಗಬೇಕೋ ಅಳಬೇಕೋ! ಕೊನೆಗೆ 'ನೆನಪು' ಎಂದು ಬರೆದು ಮುಂದೆ ಹೋದೆ.

ಮೂರು ತಿಂಗಳಿಂದ ರಾತ್ರಿ ಮಲಗುವ ಮುಂಚೆ ಕೈಯಲ್ಲಿ ಡೈರಿ ಬರೆಯುತ್ತಿದ್ದೇನೆ. ಫೇಸ್‌ಬುಕ್ ವಾರಕ್ಕೆ ಎರಡೇ ದಿನ. (ಇವತ್ತು ಆ ಎರಡರಲ್ಲಿ ಒಂದು, ಲೆಕ್ಕ ತಪ್ಪಿಲ್ಲ.) ಡೈರಿ ಬರೆದರೆ ಮನಸ್ಸು ಹಗುರ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮೊದಲ ವಾರ ಬೆರಳು ನೋಯಿತು, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಯಿತು, ಮನಸ್ಸು ಇನ್ನೂ ಭಾರವಾಯಿತು. ಇದೇನು ಹೊಸದಲ್ಲವಂತೆ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಂದ ಬದುಕಿನ ನೋವಿನ ಸಂಗತಿಗಳನ್ನು ಬರೆಸಿದ್ದರು. ನಾಲ್ಕು ದಿನ, ದಿನಕ್ಕೆ 15 ನಿಮಿಷ. ಬರೆದ ಕೂಡಲೇ ಅವರ ಮನಸ್ಸೂ ಕುಗ್ಗಿತ್ತು. ಆದರೆ ಆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ.

ನನ್ನ ನಿಜವಾದ ತೊಂದರೆ ಬೇರೆ ಇತ್ತು. ಎರಡನೇ ರಾತ್ರಿ ಗೆಳೆಯನ ಜೊತೆ ಆದ ಜಗಳದ ಬಗ್ಗೆ ಬರೆಯಲು ಕೂತೆ. 'ಕೆಲವರಿಗೆ ಮೌನವೇ ಸರಿಯಾದ ಉತ್ತರ' ಎಂದು ಶುರು ಮಾಡಿದೆ. ಓದಿಕೊಂಡೆ. ಅರೆ, ಇದು ಪೋಸ್ಟು! ಯಾರೂ ನೋಡದ ಪುಟದಲ್ಲೂ ನಾನು ಲೈಕಿಗೆ ಬರೆಯುತ್ತಿದ್ದೆ. ಆ ಸಾಲು ಹೊಡೆದುಹಾಕಿ ಕೆಳಗೆ ಬರೆದೆ: 'ಅವನು ಹೇಳಿದ್ದು ಸರಿ ಇತ್ತು. ಒಪ್ಪಿಕೊಳ್ಳೋಕೆ ನನಗೆ ಆಗಲಿಲ್ಲ.' ಇಷ್ಟು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಹೊಡೆದುಹಾಕಿದ ಸಾಲು ಈಗಲೂ ಅಲ್ಲೇ ಇದೆ, ಗೀಟಿನ ಅಡಿಯಲ್ಲಿ ಚೆನ್ನಾಗಿಯೇ ಓದಲು ಬರುತ್ತದೆ. ಮೊಬೈಲಾಗಿದ್ದರೆ ಅಳಿಸಿಬಿಡುತ್ತಿದ್ದೆ, ಹಾಗೆ ಬರೆದಿದ್ದೆ ಅನ್ನೋದೇ ಮರೆತುಹೋಗುತ್ತಿತ್ತು.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಡೈರಿ ಬರೆದದ್ದು ಶೀಘ್ರಲಿಪಿಯಲ್ಲಿ. ಸುಮ್ನೆ ಕಣ್ಣು ಹಾಯಿಸಿದವರಿಗೆ ಅರ್ಥವಾಗುವಂಥದ್ದಲ್ಲ. ಅಚ್ಚಾಗಿದ್ದು 1825ರಲ್ಲಿ. ಹೇಳಿಕೊಳ್ಳಲು ನಾಚಿಕೆಯಾಗುವ ತನ್ನ ಎಷ್ಟೋ ಕೆಲಸಗಳನ್ನು ಆತ ಅದರಲ್ಲಿ ಬರೆದಿಟ್ಟಿದ್ದಾನೆ. ಪಕ್ಕದಲ್ಲಿ ಕಾಮೆಂಟ್ ಬಾಕ್ಸ್ ಇದ್ದಿದ್ದರೆ ಬರೆಯುತ್ತಿದ್ದನಾ?

ಇನ್ನೊಂದು. ನೋಟ್‌ಬುಕ್ಕಿನ ಪುಟ ಮುಗಿಯುತ್ತದೆ. ಫೋನಿನಲ್ಲಿ ಮುಗಿಯೋದೇ ಇಲ್ಲ ಅಲ್ವಾ. ಕೆಳಗೆ ಎಳೆದಷ್ಟೂ ಬರುತ್ತಲೇ ಇರುವ ಆ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ತಾನೇ ಅದಕ್ಕೆ ಪಶ್ಚಾತ್ತಾಪ ಪಟ್ಟರು. ನನಗೆ ಪುಟದ ಕೊನೆ ಗೆರೆ ಬಂದರೆ ಕೈಯೂ ಸೋತಿರುತ್ತದೆ, ನಿದ್ದೆಯೂ ಬಂದಿರುತ್ತದೆ. ಎಲ್ಲ ದಿನ ಹೀಗೇ ಅಂತ ಅಲ್ಲ. ಕಳೆದ ವಾರ ಎರಡು ರಾತ್ರಿ ಡೈರಿ ಮುಚ್ಚಿಟ್ಟು ಒಂದು ಗಂಟೆವರೆಗೆ ರೀಲ್ಸ್ ನೋಡಿದ್ದೇನೆ. ಅದನ್ನೂ ಮರುದಿನ ಬರೆದೆ.

ಅಂದ ಹಾಗೆ, ಕೊನೆ ಪುಟದಲ್ಲಿ ಈಗ ಹನ್ನೆರಡು 'ಜ್ಞ' ಇವೆ. ಮೊದಲ ನಾಲ್ಕು ಯಾವ ಭಾಷೆಯವೋ ಗೊತ್ತಿಲ್ಲ. ಫೋಟೋ ಕೇಳಬೇಡಿ, ಹಾಕಲ್ಲ.