ಪ್ರೊಕಡತ

ಪುಟ್ಟ ಗ್ರಂಥಾಲಯಗಳಿಗೆ ಪುಸ್ತಕದ ಲೆಕ್ಕ ಇಡುವ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಸಾಫ್ಟ್‌ವೇರ್. ಅದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯೋಣ ಅಂತ ನಾವು ಐದು ಜನ ಹೊರಟೆವು. ಭಾನುವಾರ ಬೆಳಗ್ಗೆ ಮೈಸೂರಿನ ಸರಸ್ವತಿಪುರಂನ ನಮ್ಮನೆ ಮಹಡಿ ಮೇಲೆ ಸಭೆ. ಮಂಡ್ಯದ ಗೆಳೆಯ ಒಂದು ಕೈಲಿ ಲ್ಯಾಪ್‌ಟಾಪ್, ಇನ್ನೊಂದು ಕೈಲಿ ಮದ್ದೂರು ವಡೆ ಪೊಟ್ಟಣ ಹಿಡಿದು ರೈಲಿಳಿದು ಬರುತ್ತಿದ್ದ. ವಡೆ ಖಾಲಿಯಾಗುವವರೆಗೆ ಐವರದೂ ಒಂದೇ ಮಾತು.

ಆಮೇಲೆ ಶುರು. ಕೋಡಿನ ಸಾಲನ್ನು ಒಳಗೆ ತಳ್ಳೋದಕ್ಕೆ ಟ್ಯಾಬಾ, ಸ್ಪೇಸಾ?

ನಾನು ನಿಯಮದ ಮನುಷ್ಯ. ಪೈಥಾನ್‌ನವರು 2001ರಲ್ಲೇ ಪೆಪ್ 8 ಅಂತ ಕೋಡ್ ಬರೆಯೋ ನಿಯಮಾವಳಿ ಬರೆದಿಟ್ಟಿದ್ದಾರೆ, ನಾಲ್ಕು ಸ್ಪೇಸ್, ಮುಗೀತು ಎಂದೆ. "ಲಿನಕ್ಸ್ ಕರ್ನಲ್‌ನಲ್ಲಿ ಟ್ಯಾಬೇ ಅಲ್ವಾ? ಅದೂ ಎಂಟಕ್ಷರದ ಅಗಲ. ಅವ್ರೇನು ಕೆಲಸ ಬರದವ್ರಾ?" ಎಂದ ಮಂಡ್ಯದವನು. ಕರ್ನಲ್ ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದಿರೋದು ಹೆಚ್ಚಾಗಿ ಸಿ ಭಾಷೆಯಲ್ಲಿ. ಅಲ್ಲಿ ಕೋಡನ್ನು ಯಂತ್ರಕ್ಕೆ ತಿಳಿಯೋ ಹಾಗೆ ಮಾಡೋ ಕಂಪೈಲರ್ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲ್ಲ. ಪೈಥಾನ್ 3 ಹಾಗಲ್ಲ, ಟ್ಯಾಬು ಸ್ಪೇಸು ಬೆರೆಸಿದರೆ ಒಪ್ಪಲ್ಲ. ನಮ್ಮ ಮೊದಲ ಉದಾಹರಣೆಯಲ್ಲಿ ಮೂರು ಸಾಲು ನನ್ನವು, ಎರಡು ಅವನವು. ಪರದೆ ಮೇಲೆ ದಾರ ಹಿಡಿದು ಜೋಡಿಸಿದ ಹಾಗಿತ್ತು. ಓಡಿಸಿದರೆ ಟ್ಯಾಬ್ ಎರರ್.

ಟ್ಯಾಬು ಸೋತಿತು. ಮುಂದಿನದು ಸಾಲಿನ ಉದ್ದ. ಪೆಪ್ 8 ಹೇಳೋದು 79 ಅಕ್ಷರ. "ಅಕ್ಷರ ಅಂದ್ರೆ ಯಾವ್ದು?" ಎಂದ ಅವನು. ನನ್ನ ಬಾಯಿ ಕಟ್ಟಿತು. ಮೈಸೂರು ನಮಗೆ ಮೂರಕ್ಷರ. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಐತ್ವ, ಕೊಂಬು ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ, ಹಾಗಾಗಿ ಪೈಥಾನ್‌ ಎಣಿಸಿದರೆ ಆರು. ಮಂಡ್ಯ ಕಣ್ಣಿಗೆ ಎರಡೇ, ಎಣಿಸಿದರೆ ಐದು. "ನೋಡು, ಎರಡರಲ್ಲಿ ಐದು ತುಂಬಿದ್ದೀವಿ. ನಿಮ್ಮೂರು ಸುಮ್ನೆ ಜಾಗ ಹಿಡ್ಕೊಂಡಿದೆ" ಎಂದು ಬೀಗಿದ. ಕನ್ನಡದ ಸಾಲಿಗೆ ಉದ್ದದ ನಿಯಮವೇ ಬೇಡ ಅಂತಾಯಿತು.

ಕೊನೆಗೆ ಪದಗಳ ಜಗಳ. ಫೈಲ್ ಅನ್ನಬೇಕಾ, ಕಡತ ಅನ್ನಬೇಕಾ? ಕಡತ ಅಂದರೆ ಕೆಂಪು ದಾರ, ಧೂಳು ಎಲ್ಲ ನೆನಪಾಗುತ್ತೆ ಅಂತ ಇಬ್ಬರು. ನಾವು ಮೂವರು ಕಡತದ ಪರ. ಗೆದ್ದ ಹುರುಪಲ್ಲಿ ಅವತ್ತು ರಾತ್ರಿ ನಾನೊಬ್ಬನೇ ಕೂತು, ಇಡೀ ಕೈಪಿಡಿಯಲ್ಲಿ ಫೈಲ್ ಇದ್ದಲ್ಲೆಲ್ಲ ಕಡತ ಮಾಡು ಅಂತ ಒಂದೇ ಆಜ್ಞೆ ಕೊಟ್ಟೆ. ಯಾರಿಗೂ ತೋರಿಸದೆ ಸೇರಿಸಿಯೂ ಬಿಟ್ಟೆ. ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ನೋಡಿದರೆ 'ಫೈಲ್‌ನಲ್ಲಿ' ಹೋಗಿ 'ಕಡತನಲ್ಲಿ' ಆಗಿದೆ, ಯಾವುದೋ ಗಂಡಸಿನ ಹೆಸರಿನ ಹಾಗೆ. 'ಫೈಲನ್ನು' ಮಾತ್ರ ಹಾಗೇ ಕೂತಿದೆ. ಅಲ್ಲಿ ಲಕಾರಕ್ಕೆ ಅರ್ಧ ಮಾಡೋ ಚಿಹ್ನೆ ಇಲ್ಲವಲ್ಲ, ನನ್ನ ಬಲೆಗೆ ಬಿದ್ದಿಲ್ಲ. ಇದನ್ನೆಲ್ಲ ಕೂತು ಸರಿಮಾಡಿದೆ. ಮಧ್ಯಾಹ್ನದ ಊಟ ತಪ್ಪಿತು. ಆದರೆ ಓದುಗರ ಖಾತೆಯ ಅಧ್ಯಾಯ ತೆರೆಯಲೇ ಇಲ್ಲ. ಅದರಲ್ಲಿ ಫೈಲ್ ಎಲ್ಲಿರುತ್ತೆ ಅಂದುಕೊಂಡೆ.

ಎರಡು ವಾರ ಬಿಟ್ಟು, ಕೈಪಿಡಿ ಓದಿ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಿದ್ದ ಹುಡುಗನೊಬ್ಬ ನಮ್ಮ ಗುಂಪಿಗೆ ಮೆಸೇಜ್ ಹಾಕಿದ: "ಸಾರ್, 'ಮೊದಲು ನಿಮ್ಮ ಪ್ರೊಕಡತ ತುಂಬಿ' ಅಂತಿದೆ. ಪ್ರೊಕಡತ ಅಂದ್ರೆ ದೊಡ್ಡ ಕಡತವಾ?"

ನಾನು ಉತ್ತರ ಬರೆದು ಅಳಿಸಿ, ಬರೆದು ಅಳಿಸಿ ಮಾಡುವಷ್ಟರಲ್ಲಿ ಮಂಡ್ಯದವನು ಟೈಪ್ ಮಾಡಿಯೇ ಬಿಟ್ಟಿದ್ದ: "ಇಲ್ಲಪ್ಪ, ಅದು ಮೈಸೂರು ಕಡೆ ಪದ."